ಮೂರು ಸಲ ಹೊಸಬನಾದೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಒಬ್ಬರು ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಚಹಾ ಮುಗಿಯುವವರೆಗೆ ಮಳೆ, ಬೆಳೆ, ಮಕ್ಕಳ ಮಾತಾಡಿ, ಕಪ್ಪು ಬಸಿಯನ್ನು ಪಕ್ಕಕ್ಕೆ ಸರಿಸಿದ ಮೇಲೆ ಬಂದ ವಿಷಯ ತೆಗೆದರು. "ಪ್ರೂಫ್ ನೋಡೂದು ನನಗ ಕಲಸ್ರಿ ಸರ. ಅರವತ್ತಕ್ಕ ಹೊಸಾ ಕೆಲಸ ಹಿಡಿಯಾಕ ಬರತೈತೋ ಇಲ್ಲೋ, ಅದನ್ನೂ ನೀವ ಹೇಳಬೇಕು."

ಪ್ರೂಫ್ ನೋಡುವುದು, ಅಂದರೆ ಅಚ್ಚಿಗೆ ಹೋಗುವ ಮೊದಲು ಕರಡಿನ ತಪ್ಪು ತಿದ್ದುವುದು, ನನ್ನ ವೃತ್ತಿ. ಅವರ ಮೊದಲ ಮಾತಿಗೆ ಆಗಲಿ ಎಂದೆ. ಎರಡನೆಯದಕ್ಕೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ನನಗೂ ಈಗ 60 ವರ್ಷ. 17ನೆಯ ವಯಸ್ಸಿನಲ್ಲಿ, 32ರಲ್ಲಿ ಮತ್ತು 43ರಲ್ಲಿ, ಹೀಗೆ ಮೂರು ಸಲ ನಾನು ಹೊಸಬನಾಗಿ ಕೆಲಸಕ್ಕೆ ಕುಳಿತಿದ್ದೇನೆ. ಒಂದೊಂದು ಸಲವೂ ಕಾರಣ ಬೇರೆಯಿತ್ತು, ಕೈಯಲ್ಲಿದ್ದ ಹಣ ಬೇರೆಯಿತ್ತು, ಮನೆಯ ಸ್ಥಿತಿ ಬೇರೆಯಿತ್ತು. ಅವರಿಗೆ ಹೇಳಬೇಕಾದ ಉತ್ತರವನ್ನು ಹುಡುಕುತ್ತ ಹೋದಂತೆ ಇಷ್ಟೂ ಹಳೆಯ ಲೆಕ್ಕ ತೆರೆದುಕೊಂಡಿತು.

ನಾನು ಹುಟ್ಟಿದ್ದು ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರ ಮನೆಯಲ್ಲಿ. ಅಪ್ಪ ಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತರೆ ಸಂಜೆಯವರೆಗೂ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿನಿಂದ ಮಗ ಹೊರಬೀಳಬೇಕು, ಯಾವುದಾದರೊಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಬೇಕು ಎನ್ನುವುದಷ್ಟೇ ಅಪ್ಪನಿಗಿದ್ದ ಆಸೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ, ಕಾರ್ಡನ್ನು ದೇವರ ಮಾಡದಲ್ಲಿಟ್ಟು ಒಂದು ವರ್ಷ ಕಾದೆವು. ಆ ವರ್ಷದ ಕೊನೆಗೆ, ಅಂದರೆ 1982ರಲ್ಲಿ, ನಮ್ಮ ಓಣಿಯ ಹಿರಿಯರೊಬ್ಬರು ನನ್ನನ್ನು ಗದಗಿನ ಒಂದು ಮುದ್ರಣಾಲಯಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ಗದಗನ್ನು ಮುದ್ರಣಕಾಶಿ ಎಂದು ಕರೆಯುತ್ತಿದ್ದ ಕಾಲ ಅದು. ಪಂಚಾಂಗ, ಪುರಾಣ, ನಾಟಕದ ಪುಸ್ತಕ, ಲಗ್ನಪತ್ರಿಕೆ, ಬಿಲ್ ಬುಕ್ಕು, ಏನೇ ಇರಲಿ ಸುತ್ತಲ ಊರಿನವರು ಅಚ್ಚು ಹಾಕಿಸಲು ಇಲ್ಲಿಗೇ ಬರುತ್ತಿದ್ದರು. ಹಾಗಾಗಿ ನಮ್ಮೂರಿನ ಹುಡುಗನಿಗೆ ಪ್ರೆಸ್ಸಿನ ಕೆಲಸ ಸಿಗುವುದು ದೊಡ್ಡ ಮಾತಾಗಿರಲಿಲ್ಲ. ಅದನ್ನು ನಾನು ಆರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ.

ಹದಿನೇಳರ ಹುಡುಗನಿಗೆ "ನಿನಗೇನು ಇಷ್ಟ" ಎಂದು ಕೇಳುವುದು ಈಗ ಎಲ್ಲ ಮನೆಗಳಲ್ಲಿಯೂ ಬಂದಿದೆ, ಅದು ಒಳ್ಳೆಯದೇ. ಆದರೆ ಯಾವ ಕೆಲಸವನ್ನೂ ಕೈಯಿಂದ ಮುಟ್ಟಿ ನೋಡದ ಮಗು ಆ ಪ್ರಶ್ನೆಗೆ ಏನೆಂದು ಉತ್ತರ ಹೇಳಬೇಕು? ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ನಾನು ಕಂಡಿದ್ದೇನೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ತಂದು ಸಾಕಿ ಅವರಿಗೆ ಸಂಗೀತ ಕಲಿಸಿದರು. ಆಶ್ರಮದ ಕಾರ್ಯಕ್ರಮಗಳ ಕರಪತ್ರಗಳನ್ನು ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಕೊಟ್ಟು ಬರಲು ಹೋದಾಗ, ಎಂಟು ಹತ್ತು ವರ್ಷದ ಮಕ್ಕಳು ತಬಲಾ, ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದೇ ಪಾಠವನ್ನು ಮತ್ತೆ ಮತ್ತೆ ನುಡಿಸುತ್ತಿದ್ದುದನ್ನು ನಿಂತು ನೋಡುತ್ತಿದ್ದೆ. ಆ ಮಕ್ಕಳ ಮುಂದೆ ವಾದ್ಯ ಮೊದಲು ಬಂದಿತ್ತು, ಪ್ರೀತಿ ಆಮೇಲೆ ಹುಟ್ಟಿಕೊಂಡಿತ್ತು. ನನ್ನ ಪಾಲಿಗೆ ಮೊಳೆಗಳೂ ಹಾಗೆಯೇ ಬಂದವು.

ಮೊಳೆ ಜೋಡಿಸುವುದು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಇಳಿಜಾರಾಗಿ ನಿಲ್ಲಿಸಿದ ಮರದ ಕೇಸಿನಲ್ಲಿ ನೂರಾರು ಸಣ್ಣ ಮನೆಗಳಿರುತ್ತಿದ್ದವು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆಗಳು. ಇಂಗ್ಲಿಷಿನ ಕೇಸು ಕನ್ನಡದ ಕೇಸಿನ ಮುಂದೆ ಮಕ್ಕಳಾಟಿಕೆ ಇದ್ದಂತೆ, ಏಕೆಂದರೆ ನಮ್ಮಲ್ಲಿ ಗುಣಿತಾಕ್ಷರಗಳು ಬೇರೆ, ಒತ್ತುಗಳು ಬೇರೆ, ದೀರ್ಘ ಬೇರೆ. ಎಡಗೈಯಲ್ಲಿ ಸ್ಟಿಕ್ಕು ಎನ್ನುವ, ಸಾಲು ಕೂರಿಸುವ ಸಣ್ಣ ಚೌಕಟ್ಟು ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆಯನ್ನು ಎತ್ತಿ, ಅದರ ಮೈಮೇಲಿನ ಗಾಡಿಯನ್ನು, ಅಂದರೆ ಸಣ್ಣ ಗೀರನ್ನು, ಬೆರಳಿನಿಂದಲೇ ಗುರುತಿಸಿ ಕೂರಿಸಬೇಕಿತ್ತು. ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಮೊದಮೊದಲು ನಾನು ಪ್ರತಿ ಮೊಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ನಮ್ಮ ಹಿರಿಯ ಕಂಪೋಸಿಟರ್, "ತಮ್ಮಾ, ಕೈ ನೋಡಬ್ಯಾಡ, ಕಾಪಿ ನೋಡು" ಎಂದು ಹೇಳಿದ್ದರು. ಕಾಪಿ ಎಂದರೆ ಲೇಖಕರು ಬರೆದು ಕೊಟ್ಟ ಪ್ರತಿ. ಆರು ತಿಂಗಳಾದ ಮೇಲೆ ಕೈಗೆ ದಾರಿ ತಿಳಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಸೀಮೆಎಣ್ಣೆ ಹಚ್ಚಿ ಶಾಯಿ ತೆಗೆದು, ಸಾಬೂನು ಹಾಕಿ ಎರಡೆರಡು ಸಲ ಕೈ ತೊಳೆದುಕೊಳ್ಳಬೇಕು ಎನ್ನುವುದು ಅವರ ಎರಡನೆಯ ಪಾಠ. ಸೀಸ ಹೊಟ್ಟೆಗೆ ಹೋಗಬಾರದಲ್ಲ.

ಕೈಗೆ ದಾರಿ ತಿಳಿದ ಮೇಲೆ ಕಣ್ಣು ಕಾಪಿಯ ಮೇಲೆಯೇ ಉಳಿಯುತ್ತದೆ. ಆಗ ನನಗೆ ಒಂದು ಹೊಸ ಅಭ್ಯಾಸ ಬಂತು. ಲೇಖಕರ ಹಸ್ತಪ್ರತಿಯಲ್ಲಿ ತಪ್ಪು ಕಂಡರೆ ಅದನ್ನು ಹಾಗೆಯೇ ಜೋಡಿಸಲು ಕೈ ಒಪ್ಪುತ್ತಿರಲಿಲ್ಲ. "ಶ" ಇರಬೇಕಾದಲ್ಲಿ "ಷ" ಇದ್ದರೆ ಕಾಪಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಡುತ್ತಿದ್ದೆ, ನಂತರ ಮಾಲೀಕರನ್ನು ಕೇಳಿ ಸರಿಪಡಿಸುತ್ತಿದ್ದೆ. ಯಾರೂ ಈ ಕೆಲಸವನ್ನು ನನಗೆ ಹೇಳಿರಲಿಲ್ಲ, ಇದಕ್ಕೆ ಒಂದು ಪೈಸೆ ಹೆಚ್ಚು ಬರುತ್ತಿರಲಿಲ್ಲ. ಮುಂದೆ ಇಪ್ಪತ್ತೈದು ವರ್ಷಗಳ ಮೇಲೆ ನನಗೆ ಅನ್ನ ಕೊಡಲಿದ್ದ ಕೆಲಸ ಅದೇ ಎನ್ನುವುದು ಆಗ ತಿಳಿದಿರಲಿಲ್ಲ. ನಾನು ಇದನ್ನು ಪಕ್ಕದ ಕೆಲಸ ಎಂದು ಕರೆಯುತ್ತೇನೆ. ಸಂಬಳದ ಕೆಲಸ ಮಾಡುತ್ತಿರುವಾಗಲೇ, ಯಾರೂ ಕೇಳದಿದ್ದರೂ, ನಾವಾಗಿ ಕೈ ಹಾಕುವ ಕೆಲಸ ಅದು. ದಾರಿ ತೋಚದೆ ನನ್ನ ಬಳಿಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಪಕ್ಕದ ಕೆಲಸ ಯಾವುದು?

ಆ ದಿನಗಳಲ್ಲಿ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೆಂದು ವಿಶ್ವೇಶ್ವರಯ್ಯನವರ ಜೀವನವನ್ನು ಕುರಿತ ಒಂದು ಕಿರುಹೊತ್ತಗೆಯ ಮೊಳೆ ಜೋಡಿಸಿದ್ದೆ. ಮುಂಬಯಿ ಸರ್ಕಾರದ ಕೆಲಸವನ್ನು ತಾವಾಗಿ ಬಿಟ್ಟು ಬಂದು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದಾಗ ಅವರಿಗೆ ಐವತ್ತು ಹತ್ತಿರವಾಗಿತ್ತು. 1912ರಲ್ಲಿ ದಿವಾನರಾದರು, 1918ರಲ್ಲಿ ಆ ಹುದ್ದೆಯನ್ನೂ ಬಿಟ್ಟರು. ಅರವತ್ತು ದಾಟಿದ ಮೇಲೆ, 1923ರಲ್ಲಿ, ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಅಲ್ಲಿಂದ ತಮಗೆ ಸಲ್ಲಬೇಕಾದ ಸಂಭಾವನೆಯನ್ನು, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಆಗಲೆಂದು ಬಿಟ್ಟುಕೊಟ್ಟರು. 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಈ ಇಸವಿಗಳ ಅಂಕಿಗಳನ್ನು ಒಂದೊಂದಾಗಿ ಸ್ಟಿಕ್ಕಿನಲ್ಲಿ ಕೂರಿಸುವಾಗ, ಐವತ್ತಕ್ಕೆ, ಅರವತ್ತಕ್ಕೆ ಒಬ್ಬ ಮನುಷ್ಯ ಹೊಸದಾಗಿ ಆರಂಭಿಸಬಹುದು ಎನ್ನುವುದು ನನ್ನ ತಲೆಯಲ್ಲಿ ಮೊದಲ ಸಲ ಕುಳಿತಿತು. ಆದರೆ ಆ ಹಿರಿಯರ ಹೆಸರು ಹೇಳಿ ನಮ್ಮಂಥವರಿಗೆ ಧೈರ್ಯ ತುಂಬುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಅವರು ಕೆಲಸ ಬಿಟ್ಟಾಗ ಅವರ ಹಿಂದೆ ಪಿಂಚಣಿಯಿತ್ತು. ನಾವು ಕೆಲಸ ಬಿಟ್ಟರೆ ಬರುವ ತಿಂಗಳ ಜೋಳಕ್ಕೆ ಯಾರು ಹಣ ಕೊಡಬೇಕು ಎನ್ನುವ ಪ್ರಶ್ನೆಗೆ ಧೈರ್ಯವೊಂದೇ ಉತ್ತರವಾಗಲಾರದು.

ನನ್ನ ಎರಡನೆಯ ತಿರುವು 1997ರಲ್ಲಿ ಬಂತು. ಗದಗ ಧಾರವಾಡದಿಂದ ಬೇರ್ಪಟ್ಟು ತಾನೇ ಜಿಲ್ಲೆಯಾದ ವರ್ಷ ಅದು. ಊರೆಲ್ಲ ಸಂಭ್ರಮದಲ್ಲಿತ್ತು. ಹೊಸ ಹೊಸ ಕಚೇರಿಗಳು ತೆರೆದವು, ಅವುಗಳಿಗೆ ಬೇಕಾದ ನಮೂನೆಗಳು, ರಿಜಿಸ್ಟರುಗಳು, ಲಕೋಟೆಗಳು ನಾಳೆಗೇ ಆಗಬೇಕಿದ್ದವು. ಕೈಯಿಂದ ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಅಚ್ಚು ಹಾಕಿ ಆ ಅವಸರವನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ನಮ್ಮ ಮಾಲೀಕರು ಸಾಲ ಮಾಡಿ ಆಫ್‌ಸೆಟ್ ಯಂತ್ರವನ್ನೂ ಎರಡು ಕಂಪ್ಯೂಟರುಗಳನ್ನೂ ತರಿಸಿದರು. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಟ್ಟರು. ಹದಿನೈದು ವರ್ಷ ನಾನು ಬೆರಳಿಂದ ಗುರುತು ಹಿಡಿದಿದ್ದ ಅಕ್ಷರಗಳನ್ನು ಗೋಣಿಚೀಲಕ್ಕೆ ಸುರಿದು ತೂಕದ ತಕ್ಕಡಿಗೆ ಏರಿಸಿದಾಗ ನಾನೂ ಒಂದು ಚೀಲದ ಬಾಯಿ ಹಿಡಿದು ನಿಂತಿದ್ದೆ. ನನ್ನ ಜೊತೆಯವರಲ್ಲಿ ಇಬ್ಬರು ಆ ವಾರವೇ ಬೇರೆ ಕೆಲಸಕ್ಕೆ ಹೋದರು. ನಮ್ಮ ಹಿರಿಯ ಕಂಪೋಸಿಟರ್ ಮನೆಯಲ್ಲಿಯೇ ಕುಳಿತರು, ಹೆಚ್ಚು ವರ್ಷ ಉಳಿಯಲಿಲ್ಲ.

ಮಾಲೀಕರು ನನ್ನನ್ನು ಬಿಡಲು ಮನಸ್ಸು ಮಾಡಲಿಲ್ಲ, ಆದರೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಬಾರದೆ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದರೆ ಮತ್ತೆ ಸೇರಿಸಿಕೊಳ್ಳುವೆ ಎಂದರು. ಆರು ತಿಂಗಳು ಸಂಬಳವಿಲ್ಲ. ಮಗಳಿಗೆ ಐದು ವರ್ಷ, ಅಪ್ಪನ ಕಣ್ಣು ಮಂಜಾಗಿ ಮಗ್ಗ ನಿಂತು ಆಗಲೇ ಎರಡು ವರ್ಷ. ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಹೇಳಿದೆ. ಹೆಂಡತಿ ತಟ್ಟೆಗೆ ಪಲ್ಯ ಬಡಿಸುತ್ತಲೇ, "ನೀವು ಕಲತ ಬರ್ರಿ. ಮನೀದು ನಾ ನೋಡಕೋತೀನಿ" ಎಂದಳು. ಮರುದಿನದಿಂದಲೇ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕೊಡುವುದನ್ನು ಹಿಡಿದಳು. ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ಎಂಟರವರೆಗೆ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದಿನಿಂದ ಏಳುತ್ತಿರಲಿಲ್ಲ. ದಿನಕ್ಕೆ ನೂರು ರೊಟ್ಟಿ. ನಾನು ಹುಬ್ಬಳ್ಳಿಯ ಗಾಡಿ ಹಿಡಿಯಲು ಹೊರಡುವಾಗ ಬುತ್ತಿಯಲ್ಲಿ ಇರುತ್ತಿದ್ದುದು ಅದೇ ಬಿಸಿ ರೊಟ್ಟಿ. ದಾರಿ ಬದಲಿಸಿದವರ ಕಥೆಗಳನ್ನು ಕೇಳುವಾಗಲೆಲ್ಲ ನನ್ನ ಮನಸ್ಸು ಒಲೆಯ ಮುಂದೆ ಕುಳಿತಿದ್ದವರು ಯಾರು ಎಂದು ಹುಡುಕುತ್ತದೆ. ಅಂಥವರ ಹೆಸರು ಆ ಕಥೆಗಳಲ್ಲಿ ಇರುವುದು ಬಹಳ ಅಪರೂಪ, ಅದು ನನಗೆ ಸರಿ ಕಾಣುವುದಿಲ್ಲ.

ತರಗತಿಯಲ್ಲಿ ಕಲಿಸುತ್ತಿದ್ದವಳು ಹತ್ತೊಂಬತ್ತು ವರ್ಷದ ಹುಡುಗಿ. ಅವಳನ್ನು "ಮೇಡಂ" ಎಂದು ಕರೆಯಲು ನನಗೆ ಸಂಕೋಚವಾಗಲಿಲ್ಲ, ಆದರೆ ಅವಳ ಮುಂದೆ ತಪ್ಪು ಮಾಡಲು ಬಹಳ ಸಂಕೋಚವಾಯಿತು. ಮೌಸ್ ಹಿಡಿದ ಕೈ ನಡುಗುತ್ತಿತ್ತು. ಹದಿನೈದು ವರ್ಷ ಅನುಭವವಿದ್ದವನು, ಊರಿನಲ್ಲಿ ನಾಲ್ಕು ಜನ ಕೇಳಿಕೊಂಡು ಬರುತ್ತಿದ್ದವನು, ಪಿಯುಸಿ ಮುಗಿಸಿ ಬಂದ ಹುಡುಗರ ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಕೀಲಿಗಳನ್ನು ಒತ್ತುತ್ತ ಕುಳಿತಿದ್ದೆ. ನಡುವಯಸ್ಸಿನಲ್ಲಿ ಹೊಸ ಕೆಲಸ ಕಲಿಯುವವರಿಗೆ ಅತ್ಯಂತ ಕಷ್ಟವಾಗುವುದು ಕಲಿಕೆಯ ಭಾಗ ಎಂದು ನನಗೆ ಅನ್ನಿಸುವುದಿಲ್ಲ. ಗಳಿಸಿದ್ದ ಹಿರಿತನವನ್ನು ಬಾಗಿಲಲ್ಲಿಯೇ ಕಳಚಿಟ್ಟು ಒಳಗೆ ಹೋಗುವುದು ಅದಕ್ಕಿಂತ ಕಷ್ಟ. ನನ್ನೊಂದಿಗೆ ಸೇರಿದ್ದ ನನ್ನದೇ ವಯಸ್ಸಿನ ಇನ್ನೊಬ್ಬರು ಮೂರನೆಯ ವಾರಕ್ಕೆ ಬರುವುದನ್ನು ಬಿಟ್ಟರು, ಅವರು ನನಗಿಂತ ಬುದ್ಧಿವಂತರಾಗಿದ್ದರು.

ನನ್ನ ಕೈ ಹಿಡಿದದ್ದು ಮೊಳೆಯ ಅಭ್ಯಾಸ. ಕಿರಿಯರಿಗೆ ತಂತ್ರಾಂಶ ಬೇಗ ಬಂತು, ಆದರೆ ಪುಟದಲ್ಲಿ ಸಾಲುಗಳ ನಡುವೆ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು, ಶೀರ್ಷಿಕೆ ಎಲ್ಲಿ ಒಡೆಯಬೇಕು, ಲಗ್ನಪತ್ರಿಕೆಯಲ್ಲಿ ಕುಲದೇವರ ಹೆಸರಿನ ಕೆಳಗೆ ಯಾರ ಹೆಸರು ಬರಬೇಕು ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ನಾಲ್ಕನೆಯ ತಿಂಗಳಿಗೆ ಆ ಹುಡುಗಿಯೇ ನನ್ನ ಪುಟಗಳನ್ನು ಉಳಿದವರಿಗೆ ತೋರಿಸತೊಡಗಿದಳು. ಆಮೇಲಿನ ವರ್ಷಗಳಲ್ಲಿ ಕನ್ನಡ ಟೈಪು ಮಾಡುವ ತಂತ್ರಾಂಶಗಳಾದ "ಬರಹ" ಬಂತು, "ನುಡಿ" ಬಂತು. ನುಡಿಯಲ್ಲಿ ಬಳಸುವ ಕೀಲಿಮಣೆಯ ವಿನ್ಯಾಸದ ಹಿಂದೆ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರಿದ್ದಾರೆ. ಅವರ ಕ್ರಮದಲ್ಲಿ ಕನ್ನಡವನ್ನು ಉಚ್ಚಾರದ ಜಾಡಿನಲ್ಲಿಯೇ ಒತ್ತುತ್ತ ಹೋಗಬಹುದು. ಅದು ಕೈಗೆ ಹತ್ತಿದ ದಿನ, ಮೊಳೆಯ ಕೇಸಿನ ಮುಂದೆ ಆರು ತಿಂಗಳಾದ ಮೇಲೆ ಆಗಿದ್ದ ಆ ಹಳೆಯ ಸಂತೋಷ ಮತ್ತೆ ಆಯಿತು. ಕೈ ನೋಡದೆ ಕಾಪಿ ನೋಡುವ ಸ್ಥಿತಿಗೆ ಎರಡನೆಯ ಸಲ ಬಂದಿದ್ದೆ.

ಅದು ಹತ್ತು ವರ್ಷ ನಡೆಯಿತು. ಆಮೇಲೆ ಲೇಖಕರೇ ತಮ್ಮ ಮನೆಯಲ್ಲಿ ಟೈಪು ಮಾಡಿಕೊಂಡು ಬರತೊಡಗಿದರು, ಟೈಪಿಗೆಂದು ಯಾರೂ ಹಣ ಕೊಡುವ ಅಗತ್ಯ ಉಳಿಯಲಿಲ್ಲ. ಆದರೆ ಅವರು ತಂದುಕೊಟ್ಟ ಕಡತಗಳಲ್ಲಿ ತಪ್ಪುಗಳು ತುಂಬಿರುತ್ತಿದ್ದವು. ಅವನ್ನು ತಿದ್ದುತ್ತಿದ್ದವನು ನಾನೇ, ಅದೂ ಮೊದಲಿನಂತೆ ಪುಕ್ಕಟೆಯಾಗಿ. ಆಗ ಪಕ್ಕದ ಕೆಲಸವನ್ನೇ ಕೆಲಸ ಮಾಡಿಕೊಳ್ಳಬೇಕು ಎನ್ನಿಸಿ ಒಂದು ಪ್ರಕಾಶನ ಸಂಸ್ಥೆಗೆ ಹೋಗಿ ಕರಡು ತಿದ್ದುವ ಕೆಲಸ ಕೇಳಿದೆ. ಪದವಿ ಇದೆಯೇ ಎಂದು ಕೇಳಿದರು. ಇಲ್ಲವೆಂದಾಗ, ನಾನು ತಿದ್ದಿದ ಮಾದರಿ ಪುಟಗಳನ್ನು ತೆರೆದೂ ನೋಡದೆ ಮರಳಿ ಕೊಟ್ಟರು. ಆ ದಿನ ಬಹಳ ನೋವಾಯಿತು. ಅವರನ್ನು ದೂರುತ್ತ ಕುಳಿತುಕೊಳ್ಳುವುದಕ್ಕೆ ನನಗೆ ಸಮಯವಿರಲಿಲ್ಲ, ಏಕೆಂದರೆ ಆ ಪ್ರಶ್ನೆ ಬಂದೀತು ಎನ್ನುವ ಅಂಜಿಕೆಯಿಂದ ನಾನು ಅಷ್ಟರಲ್ಲಿ ಖಾಸಗಿಯಾಗಿ ಪಿಯುಸಿ ಮುಗಿಸಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಹೆಸರು ಹಚ್ಚಿದ್ದೆ. 1996ರಲ್ಲಿ ಆರಂಭವಾದ ಆ ವಿಶ್ವವಿದ್ಯಾನಿಲಯ "ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ" ಎಂದು ಹೇಳುತ್ತದೆ. ಹಗಲಿಗೆ ದುಡಿದು ರಾತ್ರಿ ಅಂಚೆಯಲ್ಲಿ ಬಂದ ಪಾಠಗಳನ್ನು ಓದುವ ನನ್ನಂಥವರಿಗೆ ಅದು ಬರೀ ಘೋಷವಾಕ್ಯವಾಗಿ ಕಾಣಲಿಲ್ಲ. ಹಳಗನ್ನಡದ ಪಠ್ಯ, ಛಂದಸ್ಸು, ವ್ಯಾಕರಣ, ಇವೆಲ್ಲ ನಾನು ಹಿಂದೆ ಮೊಳೆ ಜೋಡಿಸಿದ್ದ ಪುಸ್ತಕಗಳಲ್ಲಿ ಕಣ್ಣಿಗೆ ಬಿದ್ದಿದ್ದವು. ಅರ್ಥ ಆದದ್ದು ಈಗ. 43ನೆಯ ವಯಸ್ಸಿನಲ್ಲಿ ಪದವಿ ಕೈಗೆ ಬಂತು, ಧಾರವಾಡದ ಇಬ್ಬರು ಪ್ರಕಾಶಕರು ಪುಟದ ಲೆಕ್ಕದಲ್ಲಿ ಕರಡು ಕಳಿಸಲು ಆರಂಭಿಸಿದರು. ಅಲ್ಲಿಂದ ಇಲ್ಲಿಯವರೆಗೆ ಅದೇ ನನ್ನ ವೃತ್ತಿ.

ಈ ಮೂರನೆಯ ಸಲ ನಾನು ಕೆಲಸ ಬಿಟ್ಟು ಹಾರಲಿಲ್ಲ. ಎರಡು ವರ್ಷ ಡಿಟಿಪಿಯ ಸಂಬಳವನ್ನೂ ಕರಡಿನ ಗಳಿಕೆಯನ್ನೂ ಎರಡು ಬೇರೆ ವಹಿಗಳಲ್ಲಿ ಬರೆದಿಟ್ಟೆ. ಎರಡನೆಯ ವಹಿಯ ಮೊತ್ತ ಸತತವಾಗಿ ಆರು ತಿಂಗಳು ಮನೆಯ ಖರ್ಚನ್ನು ಮುಟ್ಟಿದ ಮೇಲೆ ಮೊದಲನೆಯದನ್ನು ಮುಚ್ಚಿದೆ. ಇಂಥ ಲೆಕ್ಕದಲ್ಲಿ ಉತ್ಸಾಹ ಕಡಿಮೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹಿಂದಿನ ಸಲ ನನ್ನ ಬದಲಾವಣೆಯ ಬೆಲೆಯನ್ನು ತೆತ್ತದ್ದು ಹೆಂಡತಿಯ ಬಲಭುಜ. ಆ ನೋವು ಅವಳಿಗೆ ಇಂದಿಗೂ ಚಳಿಗಾಲದಲ್ಲಿ ಮರುಕಳಿಸುತ್ತದೆ. ಅದೇ ಬೆಲೆಯನ್ನು ಎರಡನೆಯ ಸಲ ಅವಳಿಂದ ಕೇಳುವ ಹಕ್ಕು ನನಗಿರಲಿಲ್ಲ.

ಅವಳ ದಾರಿಯ ಮಾತನ್ನೂ ಹೇಳಬೇಕು, ಏಕೆಂದರೆ ಅವಳನ್ನು ನನ್ನ ಕಥೆಯ ಆಸರೆಯಾಗಿ ಮಾತ್ರ ಇಟ್ಟು ಬರೆದರೆ ತಪ್ಪಾಗುತ್ತದೆ. ಭುಜ ನೋಯತೊಡಗಿದ ಮೇಲೆ ರೊಟ್ಟಿ ನಿಲ್ಲಿಸಿದಳು. ಆ ಹೊತ್ತಿಗೆ ಸ್ತ್ರೀಶಕ್ತಿ ಯೋಜನೆಯಲ್ಲಿ ನಮ್ಮ ಓಣಿಯ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ಇವಳು ರೊಟ್ಟಿಯ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಒಂದು ರೂಪಾಯಿಯೂ ತಪ್ಪದಂತೆ ನಡೆಸಿದ್ದಳು. ಅದನ್ನು ಕಂಡವರು ಸಂಘದ ಪುಸ್ತಕ ಬರೆಯಲು ಇವಳನ್ನೇ ಕರೆದರು. ಮೊದಲ ಸಭೆಯ ನಡಾವಳಿ ಬರೆದು ತಂದು ನನಗೆ ತೋರಿಸಿದಾಗ ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. "ಬ್ಯಾಡ್ರಿ, ಮೊದಲ ಅರ್ಥ ಆಗತೈತೇನು ಹೇಳ್ರಿ" ಎಂದಳು. ಅರ್ಥ ಸ್ಪಷ್ಟವಾಗಿತ್ತು. ಪೆನ್ನು ಮುಚ್ಚಿಟ್ಟೆ. ಈಗ ಸುತ್ತಲಿನ ಐದು ಸಂಘಗಳ ಲೆಕ್ಕ ಅವಳ ಕೈಯಲ್ಲಿದೆ, ಬ್ಯಾಂಕಿನ ಅಧಿಕಾರಿಗಳು ಅನುಮಾನ ಬಂದರೆ ಅವಳಿಗೇ ಫೋನ್ ಮಾಡುತ್ತಾರೆ. ಅವಳ ಪಕ್ಕದ ಕೆಲಸ ಒಲೆಯ ಪಕ್ಕದ ಗೋಡೆಯ ಮೇಲೆ ಇಷ್ಟು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು.

ಮಗಳ ವಿಷಯದಲ್ಲಿ ನಾನು ಸರಿಯಾಗಿ ನಡೆದುಕೊಳ್ಳಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿ, ಸಿಇಟಿ ಬರೆದು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ, ಕುರ್ಚಿಯ ಮೇಲೆ ಕೂರುವ ಕೆಲಸದ ಬಗ್ಗೆ ನಮ್ಮ ಅಪ್ಪ ಕಂಡಿದ್ದ ಕನಸು ಮೂರನೆಯ ತಲೆಮಾರಿನಲ್ಲಿ ನನಸಾಯಿತು ಎಂದುಕೊಂಡಿದ್ದೆ. ಎಂಟು ವರ್ಷ ದುಡಿದು, 30ನೆಯ ವಯಸ್ಸಿನಲ್ಲಿ, ಕೆಲಸ ಬಿಟ್ಟು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ ಎಂದಳು. ಅದಕ್ಕೆ ಬಿ.ಎಡ್. ಬೇಕು, 2015ರಿಂದ ಅದು ಎರಡು ವರ್ಷದ ಓದು. ಎರಡು ವರ್ಷ ಸಂಬಳವಿಲ್ಲ, ಆಮೇಲೆ ಸಿಗುವ ಸಂಬಳ ಈಗಿನದರ ಮೂರನೆಯ ಒಂದು ಪಾಲೂ ಅಲ್ಲ. ಮೂರು ಸಲ ದಾರಿ ಬದಲಿಸಿದ ನಾನೇ ಅವಳಿಗೆ ಬೇಡವೆಂದು ಹೇಳಿದೆ, ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ನನ್ನ ಬದಲಾವಣೆಗಳೆಲ್ಲ ಹೊಟ್ಟೆಪಾಡಿಗಾಗಿ ಆದವು, ನಿನ್ನದಕ್ಕೆ ಅಂಥ ಕಾರಣವಿಲ್ಲ ಎನ್ನುವುದು ನನ್ನ ವಾದವಾಗಿತ್ತು.

ಅವಳು ವಾದ ಮಾಡಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಒಂದು ನೋಟುಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಮೂರು ವರ್ಷದಿಂದ ಪ್ರತಿ ಭಾನುವಾರ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದುದರ ವಿವರ ಅದರಲ್ಲಿತ್ತು. ಯಾವ ಮಗುವಿಗೆ ಭಿನ್ನರಾಶಿ ಎಲ್ಲಿ ತೊಡಕಾಯಿತು, ಅದನ್ನು ರೊಟ್ಟಿ ಮುರಿದು ತೋರಿಸಿದಾಗ ಏನಾಯಿತು ಎಂದು ತಾರೀಖು ಸಮೇತ ಬರೆದಿದ್ದಳು. ಕೊನೆಯ ಪುಟದಲ್ಲಿ ಎರಡು ವರ್ಷದ ಖರ್ಚಿನ ಅಂದಾಜು, ಅದಕ್ಕಾಗಿ ಅವಳು ಕೂಡಿಟ್ಟ ಹಣದ ಲೆಕ್ಕ. ನನಗೆ ತಿಳಿಯದಂತೆ ನನ್ನ ಎರಡು ವಹಿಗಳ ಪಾಠವನ್ನು ಅವಳು ಕಲಿತಿದ್ದಳು. ಆ ರಾತ್ರಿ ನಾನು ಅವಳ ಕ್ಷಮೆ ಕೇಳಿದೆ. ಈಗ ಅವಳು ಧಾರವಾಡದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿದ್ದಾಳೆ. ತಿಂಗಳ ಕೊನೆಗೆ ಹಣ ಬಿಗಿಯಾಗುತ್ತದೆ ಎಂದು ಅವಳೇ ಹೇಳುತ್ತಾಳೆ. ಭಾನುವಾರ ಸಂಜೆ ಬಂತೆಂದರೆ ಮೊದಲು ಅವಳ ದನಿಯಲ್ಲಿ ಇರುತ್ತಿದ್ದ ಭಾರ ಮಾತ್ರ ಈಗ ಇಲ್ಲ.

ನನ್ನ ಮೇಜಿನ ಮೇಲಿನ ಕೆಲಸವೂ ಈಚೆಗೆ ಬದಲಾಗುತ್ತಿದೆ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಅಕ್ಷರಗಳನ್ನು ಓದಿಸುವ ವಿಧಾನ ಕನ್ನಡಕ್ಕೂ ಬಂದಿದೆ, ಆ ಓದಿನ ತಪ್ಪುಗಳನ್ನು ತಿದ್ದುವವರು ಬೇಕಾಗಿದ್ದಾರೆ. ಯಂತ್ರ "ವ" ಇದ್ದಲ್ಲಿ "ಪ" ಎಂದು ಓದುತ್ತದೆ, "ದ"ವನ್ನು "ಧ" ಮಾಡುತ್ತದೆ. ಇವನ್ನು ಯಾರಾದರೂ ಹಿಡಿದಾರು. ಹಿಡಿಯಲು ಕಷ್ಟವಾದದ್ದು ಸೊನ್ನೆ. ಮೊಳೆಯ ಕಾಲದಲ್ಲಿ ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ನಾವು ಭೇದ ಮಾಡುತ್ತಿರಲಿಲ್ಲ, ಒಂದರ ಮನೆ ಖಾಲಿಯಾದರೆ ಇನ್ನೊಂದರಿಂದ ಎತ್ತುತ್ತಿದ್ದೆವು, ಕಾಗದದ ಮೇಲೆ ಎರಡೂ ಒಂದೇ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. "ಅಂಗಡಿ" ಎನ್ನುವ ಪದದಲ್ಲಿ ಅಂಕಿಯ ಸೊನ್ನೆ ಕುಳಿತುಬಿಟ್ಟರೆ ಕಣ್ಣಿಗೆ ಅದು ಅಂಗಡಿಯಂತೆಯೇ ಕಾಣುತ್ತದೆ, ಆದರೆ ಹುಡುಕಿದವರಿಗೆ ಆ ಪದ ಸಿಗುವುದೇ ಇಲ್ಲ. ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಬಂದು ಕೂರುವುದೂ ಹೀಗೆಯೇ. ನಲವತ್ತು ವರ್ಷದ ಹಿಂದೆ ನನ್ನ ಕೈಯೇ ಮಾಡುತ್ತಿದ್ದ ಕೆಲಸವನ್ನು ಈಗ ತಪ್ಪೆಂದು ಗುರುತಿಸಲು ಕಲಿಯುತ್ತಿದ್ದೇನೆ, ಅಂದರೆ ನಾಲ್ಕನೆಯ ಸಲ ಹೊಸಬನಾಗುತ್ತಿದ್ದೇನೆ.

ಕಂಡಕ್ಟರರು ಮುಂದಿನ ಭಾನುವಾರ ಬಂದಾಗ ನಾನು ಅವರ ಪಕ್ಕದ ಕೆಲಸವನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಅಂಥದ್ದೇನೂ ಇಲ್ಲ, ಟಿಕೆಟ್ ಹರಿದದ್ದೇ ಬಂತು ಎಂದರು. ಹೊರಡುವ ಮೊದಲು ಯಾವುದೋ ಮಾತಿಗೆ ಲಕ್ಷ್ಮೇಶ್ವರದ ಬಸ್ಸಿನ ಕಥೆ ಹೇಳಿದರು. ಆ ಬಸ್ಸಿನ ಬೋರ್ಡಿನಲ್ಲಿ ಬಣ್ಣ ಬರೆಯುವವರು "ಲಕ್ಷೇಶ್ವರ" ಎಂದು ಬರೆದು ಮ-ಒತ್ತನ್ನು ಬಿಟ್ಟಿದ್ದರು. ಪ್ರಯಾಣಿಕರಿಗೆ ಅದರಿಂದ ತೊಂದರೆಯಿರಲಿಲ್ಲ, ಬಸ್ಸು ಲಕ್ಷ್ಮೇಶ್ವರಕ್ಕೇ ಹೋಗುತ್ತಿತ್ತು. ಆದರೂ ಇವರು ಡಿಪೋದಲ್ಲಿ ಮೂರು ಸಲ ಹೇಳಿ ನೋಡಿ, ಕೊನೆಗೆ ತಮ್ಮ ಹಣದಿಂದ ಸಣ್ಣ ಡಬ್ಬಿ ಬಿಳಿ ಬಣ್ಣ ಕೊಂಡು ತಾವೇ ಒತ್ತನ್ನು ಬರೆದರಂತೆ. "ದಿನಾ ಅದರ ಕೆಳಗ ನಿಂತು ಲಕ್ಷ್ಮೇಶ್ವರ, ಲಕ್ಷ್ಮೇಶ್ವರ ಅಂತ ಕೂಗಬೇಕಲ್ರಿ, ಬಾಯಿಗೆ ಒಂದು, ಬೋರ್ಡಿಗೆ ಒಂದು ಆದರ ಮನಸಿಗೆ ಸಮಾಧಾನ ಇರತಿರಲಿಲ್ಲ" ಎಂದರು. ನಾನು ಅವರನ್ನು ಮತ್ತೆ ಕೂರಿಸಿದೆ, ಇನ್ನೊಂದು ಸಲ ಚಹಾ ಆಯಿತು.

ಪಿಂಚಣಿ ಎಷ್ಟು ಬರುತ್ತದೆ, ಮನೆಯ ಸಾಲ ಉಳಿದಿದೆಯೇ, ಅವರ ಹೆಂಡತಿ ಏನೆನ್ನುತ್ತಾರೆ ಎನ್ನುವುದನ್ನೆಲ್ಲ ಕೇಳಿ ತಿಳಿದುಕೊಂಡೆ. ಕರಡಿನಿಂದ ತಿಂಗಳಿಗೆ ಎಷ್ಟು ಗಳಿಸಬಹುದು ಎನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ದೊಡ್ಡ ಮೊತ್ತವಲ್ಲ, ಮೊದಲ ವರ್ಷ ಬಹುತೇಕ ಏನೂ ಇರುವುದಿಲ್ಲ. ನಾಲ್ಕು ಪುಟಗಳನ್ನು ಕೊಟ್ಟು, ಅದರಲ್ಲಿ ನಾನು ಬೇಕೆಂದೇ ಉಳಿಸಿದ್ದ ಹನ್ನೊಂದು ತಪ್ಪುಗಳನ್ನು ಹುಡುಕಿ ತರಲು ಹೇಳಿದೆ.

ನಿನ್ನೆ ಪುಟಗಳನ್ನು ಮರಳಿ ತಂದುಕೊಟ್ಟರು. ಹತ್ತನ್ನು ಹಿಡಿದಿದ್ದರು, ಒಂದು ಸೊನ್ನೆ ತಪ್ಪಿಸಿಕೊಂಡಿತ್ತು. ಮೂರನೆಯ ಪುಟದಲ್ಲಿ ಹನ್ನೊಂದರ ಲೆಕ್ಕಕ್ಕೆ ಸೇರದ ಇನ್ನೊಂದು ಗುರುತಿತ್ತು. "ಪ್ರಾರಂಬ" ಎಂದಿದ್ದ ಪದದ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ "ಭ" ಎಂದು ಬರೆದಿದ್ದರು. ಆ ಪುಟವನ್ನು ನಾನು ಎರಡು ಸಲ ಓದಿದ್ದೆ, ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಪ್ರಕಾಶಕರಿಗೆ ಆ ಪುಟವನ್ನು ಇವತ್ತು ಅವರ ಕೈಯ ಗುರುತಿನೊಂದಿಗೇ ಕಳಿಸಿದ್ದೇನೆ.